ಬನ್ನಿ ಬಯಲಿನ ಲೆಕ್ಕ

ಗುಜರಾತಿನ ಕಛ್ ಜಿಲ್ಲೆಯಲ್ಲಿ ಭುಜ್‌ನಿಂದ ಉತ್ತರಕ್ಕೆ ಹೊರಟರೆ ಗುಡ್ಡಗಳು ಮುಗಿದು ನೆಲ ಚಪ್ಪಟೆಯಾಗುತ್ತದೆ. ಅಲ್ಲಿಂದ ಮುಂದೆ, ರಣ್ ಎಂಬ ಉಪ್ಪಿನ ಬಯಲು ಶುರುವಾಗುವವರೆಗಿನ ಸುಮಾರು 2,500 ಚದರ ಕಿಲೋಮೀಟರ್ ಜಾಗವೇ ಬನ್ನಿ. ವರ್ಷದ ಮಳೆ ಸರಾಸರಿ 300 ಮಿಲಿಮೀಟರ್ ಆಸುಪಾಸು, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಗೆದರೆ ಸಿಗುವುದು ಉಪ್ಪುನೀರು. ಇಂಥ ಕಡೆ ತಲೆಮಾರುಗಳಿಂದ ಮಾಲ್ಧಾರಿಗಳೆಂಬ ಪಶುಪಾಲಕರು ಎಮ್ಮೆ, ದನ, ಒಂಟೆ, ಕುರಿ ಸಾಕಿಕೊಂಡು ಬಾಳಿದ್ದಾರೆ. ಬರೀ ಬಾಳಿದ್ದಲ್ಲ, ದೇಶದ ಒಳ್ಳೆಯ ಎಮ್ಮೆ ತಳಿಗಳಲ್ಲಿ ಒಂದನ್ನು ತಮ್ಮ ಕೈಯಾರೆ ರೂಪಿಸಿದ್ದಾರೆ. ಏಷ್ಯಾದ ಅತ್ಯುತ್ತಮ ಹುಲ್ಲುಗಾವಲುಗಳಲ್ಲಿ ಒಂದೆಂದು ಒಂದು ಕಾಲಕ್ಕೆ ಬನ್ನಿಗೆ ಹೆಸರಿತ್ತು.

ಈ ಬಯಲಿನ ಬಗ್ಗೆ 1960ರ ದಶಕದ ಆರಂಭದಲ್ಲಿ ಒಂದು ತೀರ್ಮಾನವಾಯಿತು. ರಣ್‌ನ ಉಪ್ಪು ಬನ್ನಿಯೊಳಕ್ಕೆ ಸರಿದು ಬರುತ್ತಿದೆ, ಅದನ್ನು ತಡೆಯಬೇಕು ಎಂದು ಅರಣ್ಯ ಇಲಾಖೆ 30,000 ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಪ್ರೊಸೊಪಿಸ್ ಜೂಲಿಫ್ಲೋರಾ ಬೆಳೆಸಿತು. ನಮ್ಮ ಊರುಗಳ ಬೇಲಿಯಲ್ಲಿ, ಕೆರೆಯಂಗಳದಲ್ಲಿ ತುಂಬಿಕೊಂಡಿರುವ ಬಳ್ಳಾರಿ ಜಾಲಿಯೇ ಅದು. ಮೂಲತಃ ಅಮೆರಿಕ ಖಂಡಗಳ ಮರ. ಉಪ್ಪುನೆಲದಲ್ಲೂ ಬೇರು ಬಿಡುತ್ತದೆ, ನೀರು ಹಾಕಬೇಕಿಲ್ಲ, ಎಲೆಯನ್ನು ದನ ಮುಟ್ಟುವುದಿಲ್ಲ, ಸೌದೆ ಕೊಡುತ್ತದೆ. ಯೋಜನೆ ಬರೆದವರ ಕಣ್ಣಿಗೆ ಅದರಲ್ಲಿ ಒಂದೂ ಕೊರತೆ ಕಂಡಿರಲಾರದು. ಇವತ್ತು ಬನ್ನಿಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಆ ಜಾಲಿ ಹಬ್ಬಿದೆ. ಹುಲ್ಲು ಹಿಂದೆ ಸರಿದಿದೆ.

ಒಣಪ್ರದೇಶವೊಂದರ ನೆಲ, ನೀರು, ಗಿಡ, ಪ್ರಾಣಿ ಮತ್ತು ಅಲ್ಲಿನ ಜನರ ಯೋಗಕ್ಷೇಮವನ್ನು ಒಟ್ಟಿಗೆ ಅಳೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಬನ್ನಿಯ ಕಡೆ ಕೈ ತೋರಿಸುತ್ತೇನೆ. ಆಗ ಆದದ್ದೂ ಒಂದು ಮೌಲ್ಯಮಾಪನವೇ. ಆದರೆ ಅದರಲ್ಲಿ ಒಂದೇ ಒಂದು ಸಂಗತಿಯನ್ನು ಅಳೆಯಲಾಗಿತ್ತು: ಉಪ್ಪು. ಆ ನೆಲದ ಹುಲ್ಲಿನಿಂದ ಯಾರು ಊಟ ಮಾಡುತ್ತಿದ್ದಾರೆ, ಉಪ್ಪು ಹೆಚ್ಚುತ್ತಿರುವುದು ಯಾಕೆ, ಮರ ಬಂದರೆ ಏನು ಹೋಗುತ್ತದೆ ಎಂಬ ಪ್ರಶ್ನೆಗಳು ಲೆಕ್ಕದಿಂದ ಹೊರಗೇ ಉಳಿದವು. ಕಛ್‌ನ ಗುಡ್ಡಗಳಿಂದ ಉತ್ತರಕ್ಕೆ ಹರಿದು ಬನ್ನಿಯ ಮೇಲೆ ಹರಡಿಕೊಳ್ಳುತ್ತಿದ್ದ ಮಳೆಗಾಲದ ಹೊಳೆಗಳಿಗೆ ಅಣೆಕಟ್ಟೆ ಕಟ್ಟಿದ್ದರಿಂದ, ಮೇಲ್ಮಣ್ಣಿನ ಉಪ್ಪನ್ನು ತೊಳೆಯುತ್ತಿದ್ದ ಸಿಹಿನೀರು ಕಡಿಮೆಯಾಯಿತು. ಉಪ್ಪು ಹೆಚ್ಚಲು ಇದೂ ಒಂದು ಕಾರಣ. ಅಂದರೆ ರೋಗದ ಒಂದು ಬೇರು ಹೊಳೆಯ ಮೇಲುಭಾಗದಲ್ಲಿತ್ತು, ಮದ್ದು ಅರೆದದ್ದು ಬಯಲಿನಲ್ಲಿ.

ಇಂಥ ಲೆಕ್ಕವನ್ನು ಸರಿಯಾಗಿ ಬರೆಯಲು ಜಗತ್ತಿನ ಮಟ್ಟದಲ್ಲಿ ನಡೆದ ದೊಡ್ಡ ಪ್ರಯತ್ನವೆಂದರೆ ಸಹಸ್ರಮಾನದ ಪರಿಸರ ವ್ಯವಸ್ಥೆಗಳ ಮೌಲ್ಯಮಾಪನ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ 2000ದಲ್ಲಿ ಕರೆ ಕೊಟ್ಟರು. 2001ರಲ್ಲಿ ಕೆಲಸ ಶುರುವಾಯಿತು. 95 ದೇಶಗಳ 1,360 ತಜ್ಞರು ದುಡಿದು 2005ರಲ್ಲಿ ವರದಿಗಳನ್ನು ಹೊರತಂದರು. ಪ್ರಕೃತಿ ಮನುಷ್ಯನಿಗೆ ಕೊಡುವುದನ್ನು ಅವರು ನಾಲ್ಕು ಬಗೆಯಾಗಿ ನೋಡಿದರು. ಆಹಾರ, ನೀರು, ಸೌದೆಯಂಥ ಕೈಗೆ ಸಿಗುವ ವಸ್ತುಗಳು ಒಂದು. ಪ್ರವಾಹ, ರೋಗ, ಹವೆಯನ್ನು ಹದದಲ್ಲಿಡುವ ಕೆಲಸ ಇನ್ನೊಂದು. ಹಾಡು, ಹಬ್ಬ, ನಂಬಿಕೆ, ನೆಮ್ಮದಿಗೆ ಆಸರೆಯಾಗುವುದು ಮೂರನೆಯದು. ಮಣ್ಣು ರೂಪುಗೊಳ್ಳುವಂಥ, ಉಳಿದೆಲ್ಲವೂ ನಿಂತಿರುವ ತಳಪಾಯದ ಕೆಲಸ ಕೊನೆಯದು. ಯೋಗಕ್ಷೇಮವೆಂದರೆ ಬರೀ ಆದಾಯವಲ್ಲ, ಆರೋಗ್ಯ, ಭದ್ರತೆ, ನೆರೆಹೊರೆಯ ಸಂಬಂಧ, ತನಗೆ ಬೇಕಾದ ಬದುಕನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲವೂ ಸೇರಿದ್ದು ಎಂದು ಅವರು ಹೇಳಿದರು. ನನಗೆ ಈ ಕೊನೆಯ ಮಾತೇ ಮುಖ್ಯ.

ಅದೇ ವರದಿಗಳಲ್ಲಿ ಮರುಭೂಮೀಕರಣಕ್ಕೇ ಮೀಸಲಾದ ಸಂಪುಟವೊಂದಿದೆ. ಬೀಳುವ ಮಳೆಯನ್ನು, ಆ ಹವೆಯಲ್ಲಿ ನೆಲ ಮತ್ತು ಗಿಡಗಳಿಂದ ಆವಿಯಾಗಿ ಹೋಗಬಲ್ಲ ನೀರಿನಿಂದ ಭಾಗಿಸಿದಾಗ 0.65ಕ್ಕಿಂತ ಕಡಿಮೆ ಬಂದರೆ ಅದು ಒಣಪ್ರದೇಶ, 0.2ಕ್ಕಿಂತ ಕಡಿಮೆ ಬಂದರೆ ಶುಷ್ಕ ಪ್ರದೇಶ. ಹೀಗೆ ನೋಡಿದರೆ ಭೂಮಿಯ ನೆಲದಲ್ಲಿ ಶೇ 41ರಷ್ಟು ಒಣಪ್ರದೇಶವೇ. ಅಲ್ಲಿ ಬದುಕುವವರು 200 ಕೋಟಿಗೂ ಹೆಚ್ಚು ಜನ. ಇದರಲ್ಲಿ ಶೇ 10ರಿಂದ 20ರಷ್ಟು ನೆಲ ಆಗಲೇ ಹಾಳಾಗಿದೆ ಎಂದು ಆ ಸಂಪುಟ ಅಂದಾಜು ಮಾಡಿತ್ತು. ಹತ್ತೂ ಹೌದು, ಇಪ್ಪತ್ತೂ ಹೌದು ಎನ್ನುವಷ್ಟು ಅಗಲದ ಅಂದಾಜು. ಒಣನೆಲ ಹಾಳಾಗಿದೆಯೋ ಅಥವಾ ಈ ವರ್ಷ ಮಳೆಯಿಲ್ಲದೆ ಸುಮ್ಮನೆ ಮಲಗಿದೆಯೋ ಎಂದು ಹೇಳುವುದು ತಜ್ಞರಿಗೂ ಅಷ್ಟು ಕಷ್ಟ.

ಈ ಚೌಕಟ್ಟನ್ನು ಬನ್ನಿಯ ಮೇಲಿಟ್ಟು ನೋಡೋಣ. ಕೈಗೆ ಸಿಗುವ ವಸ್ತುಗಳಲ್ಲಿ ಮೊದಲನೆಯದು ಹಾಲು. ಬನ್ನಿ ಎಮ್ಮೆ 2010ರಲ್ಲಿ ಅಧಿಕೃತವಾಗಿ ತಳಿಯೆಂದು ದಾಖಲಾಯಿತು, ದೇಶದ ಹನ್ನೊಂದನೆಯ ಎಮ್ಮೆ ತಳಿಯಾಗಿ. ಇದರ ವಿಶೇಷವೆಂದರೆ ರಾತ್ರಿ ಮೇಯುವುದು. ಹೊತ್ತು ಮುಳುಗುವಾಗ ಹಿಂಡು ತಾನೇ ಹೊರಡುತ್ತದೆ, ತಂಪಿನಲ್ಲಿ ಮೈಲಿಗಟ್ಟಲೆ ನಡೆದು ಮೇದು, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಹಟ್ಟಿಗೆ ಬರುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಎಮ್ಮೆಯ ಕಪ್ಪು ಮೈ ಕಾಯದಂತೆ, ನೀರಿನ ಖರ್ಚು ಕಡಿಮೆಯಾಗುವಂತೆ ಮಾಡಿಕೊಂಡ ಹೊಂದಾಣಿಕೆ ಇದು. ಕತ್ತಲಲ್ಲಿ ದಾರಿ ತಪ್ಪದೆ ಹೋಗಿ ಬರುವ ಎಮ್ಮೆಯನ್ನು ಯಾವ ಪ್ರಯೋಗಾಲಯವೂ ತಯಾರು ಮಾಡಲಿಲ್ಲ. ಯಾವ ಕರುವನ್ನು ಉಳಿಸಿಕೊಳ್ಳಬೇಕು, ಯಾವ ಕೋಣವನ್ನು ಹಿಂಡಿಗೆ ಬಿಡಬೇಕು ಎಂದು ತಲೆಮಾರುಗಳ ಕಾಲ ಆರಿಸಿದವರು ಮಾಲ್ಧಾರಿಗಳು. ಇಂದು ಒಳ್ಳೆಯ ಬನ್ನಿ ಎಮ್ಮೆಯ ಬೆಲೆ ಲಕ್ಷ ರೂಪಾಯಿ ದಾಟುತ್ತದೆ.

ನೀರಿನದು ಇನ್ನೂ ಸೂಕ್ಷ್ಮ. ಬಯಲಿನ ತಗ್ಗುಗಳಲ್ಲಿ ಮಳೆನೀರು ನಿಂತು ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ನೆಲದಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ಒಂದು ಪದರವಾಗಿ ಕೂರುತ್ತದೆ. ಮಾಲ್ಧಾರಿಗಳು ಆ ತಗ್ಗಿನಲ್ಲಿ ವಿರ್ಡಾ ಎಂಬ ಆಳವಿಲ್ಲದ ಗುಂಡಿ ತೋಡಿ, ಬದಿಗಳು ಕುಸಿಯದಂತೆ ಮರದ ಕಟ್ಟು ಕಟ್ಟಿ, ಹುಲ್ಲು ಒತ್ತಿ, ಮೇಲಿನ ಸಿಹಿನೀರನ್ನಷ್ಟೇ ಸೇದುತ್ತಾರೆ. ಸೇದುತ್ತಾ ಹೋದಂತೆ ನೀರು ಉಪ್ಪಾಗತೊಡಗಿದರೆ ಅದನ್ನು ಬಿಟ್ಟು ಇನ್ನೊಂದನ್ನು ತೆರೆಯುತ್ತಾರೆ. ಹುಲ್ಲು, ಮಣ್ಣು, ತಗ್ಗು, ಇಂಗುವ ನೀರು, ತೋಡುವ ಕೈ ಇವೆಲ್ಲ ಒಂದೇ ವ್ಯವಸ್ಥೆಯ ಭಾಗಗಳು. ಇದರಲ್ಲಿ ಪ್ರಕೃತಿ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಶುರುವಾದ ಎಂದು ಗೆರೆ ಎಳೆಯಲು ನನಗಂತೂ ಬಾರದು.

ಈಗ ಜಾಲಿ ಬಂದು ಏನು ಮಾಡಿತು ನೋಡಿ. ಎಲೆಯನ್ನು ದನ ಮುಟ್ಟದಿದ್ದರೂ ಕಾಯಿ ಸಿಹಿ, ಅದನ್ನು ಎಲ್ಲವೂ ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಕರಗದೆ ಸಗಣಿಯ ಜೊತೆ ಬಿದ್ದು, ಗೊಬ್ಬರದಲ್ಲೇ ಮೊಳೆಯುತ್ತದೆ. ಹಿಂಡು ಎಲ್ಲಿ ನಡೆಯಿತೋ ಅಲ್ಲೆಲ್ಲ ಜಾಲಿ ನಡೆಯಿತು. ದನಗಳಿಗೆ, ಅದರಲ್ಲೂ ಬನ್ನಿಯ ಹೆಮ್ಮೆಯಾಗಿದ್ದ ಕಾಂಕ್ರೇಜ್ ತಳಿಗೆ, ಹುಲ್ಲಿಲ್ಲದೆ ಈ ಕಾಯಿಯನ್ನೇ ತಿಂದರೆ ಜೀರ್ಣವಾಗದೆ ಜೀವಕ್ಕೇ ಕುತ್ತು. ಎಮ್ಮೆ ಹೇಗೋ ತಾಳಿಕೊಳ್ಳುತ್ತದೆ. ಹೀಗಾಗಿ ಹಟ್ಟಿಗಳಲ್ಲಿ ದನ ಕಡಿಮೆಯಾಗಿ ಎಮ್ಮೆ ಹೆಚ್ಚಾದವು. ಹಿಂಡಿನಲ್ಲಿ ಯಾವ ಪ್ರಾಣಿ ಇರಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯದ ಒಂದು ಪಾಲು ಮಾಲ್ಧಾರಿಯ ಕೈತಪ್ಪಿ ಮರದ ಕೈಗೆ ಹೋಯಿತು. ಇದು ಯಾವ ಆದಾಯದ ಪಟ್ಟಿಯಲ್ಲೂ ಕಾಣುವ ನಷ್ಟವಲ್ಲ.

ಹಾಗಂತ ಜಾಲಿಯನ್ನು ಬರೀ ಶತ್ರು ಎಂದು ಬರೆದು ಮುಗಿಸಿದರೆ ನಾನೂ 1960ರ ದಶಕದ ಲೆಕ್ಕವನ್ನೇ ತಿರುಗುಮುರುಗಾಗಿ ಬರೆದಂತೆ. ಜಾಲಿಯ ಇದ್ದಿಲಿನಿಂದ ಬನ್ನಿಯ ಎಷ್ಟೋ ಮನೆಗಳ ಒಲೆ ಉರಿದಿದೆ. ಹಿಂಡು ಇಲ್ಲದವನಿಗೆ, ಬರದಲ್ಲಿ ಹಿಂಡು ಕಳೆದುಕೊಂಡವನಿಗೆ ಅದು ಕೈಗೆ ಸಿಕ್ಕ ದುಡಿಮೆ. ಇದ್ದಿಲು ಸುಡುವುದರ ಮೇಲಿದ್ದ ನಿಷೇಧವನ್ನು 2004ರಲ್ಲಿ ಸಡಿಲಿಸಿದಾಗ ಜಾಲಿ ವೇಗವಾಗಿ ಕಡಿಮೆಯಾಯಿತು, ಜೊತೆಗೆ ಬೇರೆ ಮರಗಳಿಗೂ ಕೊಡಲಿ ಬಿತ್ತು. ಕೆಲವೇ ವರ್ಷಗಳಲ್ಲಿ ನಿಷೇಧ ಮರಳಿ ಬಂತು. ಹುಲ್ಲು ಒಬ್ಬನ ಬದುಕು, ಜಾಲಿ ಇನ್ನೊಬ್ಬನ ಬದುಕು, ಎಷ್ಟೋ ಸಲ ಒಂದೇ ಮನೆಯಲ್ಲಿ ಎರಡೂ. ಯೋಗಕ್ಷೇಮದ ಲೆಕ್ಕ ಊರಿಗೆ ಒಂದೇ ಅಂಕಿಯಾಗಿ ಬರುವುದಿಲ್ಲ, ಮನೆಮನೆಗೆ ಬೇರೆಯಾಗಿ ಬರುತ್ತದೆ.

ಇನ್ನು ಆಕಾಶದಿಂದ ನೋಡುವ ಕಣ್ಣಿನ ವಿಚಾರ. ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ 10ಕ್ಕಿಂತ ಹೆಚ್ಚು ಮರಗಳ ನೆತ್ತಿ ಮುಚ್ಚಿರುವ ಯಾವ ಜಾಗವನ್ನಾದರೂ ಭಾರತೀಯ ಅರಣ್ಯ ಸಮೀಕ್ಷೆ ಅರಣ್ಯ ಹೊದಿಕೆ ಎಂದೇ ಎಣಿಸುತ್ತದೆ. ಮರ ಯಾವುದು, ಜಾಗ ಯಾರದು ಎಂದು ಆ ಎಣಿಕೆ ಕೇಳುವುದಿಲ್ಲ. ಬನ್ನಿಯ ಹುಲ್ಲು ಹೋಗಿ ಜಾಲಿ ದಟ್ಟವಾದರೆ ಉಪಗ್ರಹದ ಚಿತ್ರದಲ್ಲಿ ಹಸಿರು ಹೆಚ್ಚುತ್ತದೆ. ನೆಲ ಹದಗೆಟ್ಟ ಸಂಗತಿ ಪುಸ್ತಕದಲ್ಲಿ ಏಳಿಗೆಯಾಗಿ ದಾಖಲಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಒಣಗಿದ ಹುಲ್ಲುಗಾವಲು ಪಾಳುಭೂಮಿಯ ಖಾತೆಗೆ ಬೀಳುವ ಸಾಧ್ಯತೆ ಸದಾ ಇರುತ್ತದೆ. ಕೇಂದ್ರ ಸರ್ಕಾರದ 2019ರ ಪಾಳುಭೂಮಿ ಭೂಪಟದ ಪ್ರಕಾರ ದೇಶದ ಶೇ 16.96ರಷ್ಟು ನೆಲ ಪಾಳು. ಆ ಹೆಸರಿನ ಅಡಿಯಲ್ಲಿ ಪೊದೆಗಾಡೂ ಇದೆ, ಮರಳು ದಿಬ್ಬವೂ ಇದೆ, ಮೇವಿನ ಬಯಲೂ ಇದೆ. ಪಾಳು ಎಂದು ಬರೆದ ಕೂಡಲೇ ಆ ಜಾಗ ಯಾರಿಗಾದರೂ ಕೊಡಬಹುದಾದ ಜಾಗವಾಗುತ್ತದೆ. ಅಲ್ಲಿ ಮೇಯುತ್ತಿದ್ದ ಪ್ರಾಣಿಗಳಿಗೆ, ಅವುಗಳ ಹಿಂದೆ ನಡೆಯುತ್ತಿದ್ದ ಜನರಿಗೆ ಬರವಣಿಗೆಯಲ್ಲಿ ಜಾಗವೇ ಇರುವುದಿಲ್ಲ.

ಹುಲ್ಲುಗಾವಲಿನ ಸಂಪತ್ತಿನ ಬಹುಪಾಲು ಮಣ್ಣಿನ ಕೆಳಗಿದೆ, ಬೇರಿನಲ್ಲಿ ಮತ್ತು ಮಣ್ಣಿನ ಇಂಗಾಲದಲ್ಲಿ. ಮೇಲಿನಿಂದ ನೋಡಿದರೆ ಅದು ಕಾಣುವುದಿಲ್ಲ. ಸರಾಸರಿಯಿಂದ ನೋಡಿದರೂ ಕಾಣುವುದಿಲ್ಲ. ಮಳೆ ಒಂದು ವರ್ಷ ದುಪ್ಪಟ್ಟು, ಮುಂದಿನೆರಡು ವರ್ಷ ಅರ್ಧವೂ ಇಲ್ಲ, ಒಂದು ಹಳ್ಳಿಗೆ ಬಂದದ್ದು ಪಕ್ಕದ ಹಳ್ಳಿಗೆ ಇಲ್ಲ ಎನ್ನುವಂಥ ಕಡೆ 300 ಮಿಲಿಮೀಟರ್ ಎಂಬ ಅಂಕಿಯನ್ನು ಯಾರೂ ಬದುಕುವುದಿಲ್ಲ. ಅವರು ಬದುಕುವುದು ಏರಿಳಿತವನ್ನು. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ಹಿಂಡು ಹೊಡೆದುಕೊಂಡು ಹೋಗುವುದು, ನೆಂಟರ ಊರಿನಲ್ಲಿ ಮೇಯಿಸಿ ಮುಂದಿನ ವರ್ಷ ಅವರಿಗೆ ಜಾಗ ಬಿಡುವುದು, ಬನ್ನಿಯಲ್ಲಿ ಬೇಲಿ ಹಾಕದೆ ಬಯಲನ್ನು ಎಲ್ಲರಿಗೂ ತೆರೆದಿಡುವುದು ಇವೆಲ್ಲ ಆ ಏರಿಳಿತಕ್ಕೆ ಕೊಟ್ಟ ಉತ್ತರಗಳು. ಹಾಗಾಗಿ ಒಂದು ಬೇಸಿಗೆಯಲ್ಲಿ ಬಂದು ಹೋದ ಸಮೀಕ್ಷೆಗೆ ಬರಡು ಕಾಣುತ್ತದೆ, ಒಳ್ಳೆಯ ಮಳೆಗಾಲದಲ್ಲಿ ಬಂದು ಹೋದ ಸಮೀಕ್ಷೆಗೆ ಸ್ವರ್ಗ ಕಾಣುತ್ತದೆ. ಎರಡನ್ನೂ ನಂಬಿ ನೀತಿ ಮಾಡುವಂತಿಲ್ಲ.

ಕಛ್‌ನ ಉತ್ತರಕ್ಕೆ ಥಾರ್ ಇದೆ. ಅಲ್ಲಿ ನೀರನ್ನೇ ತಂದರು. 1958ರಲ್ಲಿ ಕೆಲಸ ಆರಂಭವಾದ, ಮುಂದೆ ಇಂದಿರಾ ಗಾಂಧಿ ಕಾಲುವೆ ಎಂದು ಹೆಸರಾದ ಯೋಜನೆ ಪಂಜಾಬಿನ ಹರಿಕೆಯಿಂದ ಜೈಸಲ್ಮೇರ್‌ವರೆಗೆ ನೀರು ಒಯ್ದಿತು. ಗೋಧಿ ಬೆಳೆಯಿತು, ಹತ್ತಿ ಬೆಳೆಯಿತು, ಕುಡಿಯುವ ನೀರಿಗಾಗಿ ಹೆಂಗಸರು ನಡೆಯುತ್ತಿದ್ದ ದೂರ ಎಷ್ಟೋ ಕಡೆ ಕಡಿಮೆಯಾಯಿತು. ಇದನ್ನು ಹಗುರವಾಗಿ ಕಾಣಲಾಗದು. ಆದರೆ ಕೆಲವು ಕಡೆ ನೆಲದಡಿ ನೀರು ಇಳಿಯಲಾಗದೆ ಜೌಗಾಯಿತು, ಉಪ್ಪು ಮೇಲೆದ್ದಿತು. ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯಿತು. 1994ರಲ್ಲಿ ಥಾರ್‌ನಲ್ಲಿ ಭಾರಿ ಮಲೇರಿಯಾ ಹಬ್ಬಿತು. ಆ ವರ್ಷದ ಅತಿಮಳೆಯ ಜೊತೆಗೆ ಕಾಲುವೆ ನೀರಾವರಿ ತಂದ ಬದಲಾವಣೆಯೂ ಅದಕ್ಕೆ ಕಾರಣ ಎಂದು ಸಂಶೋಧಕರು ತೋರಿಸಿದರು. ಬೆಳೆಯ ಇಳುವರಿ ಕೃಷಿ ಇಲಾಖೆಯ ಪುಸ್ತಕದಲ್ಲಿ, ಜ್ವರ ಆರೋಗ್ಯ ಇಲಾಖೆಯ ಪುಸ್ತಕದಲ್ಲಿ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದೇ ಪರಿಸರ ಮತ್ತು ಯೋಗಕ್ಷೇಮದ ಮೌಲ್ಯಮಾಪನ ಎಂಬ ಉದ್ದ ಹೆಸರಿನ ಕೆಲಸ.

ಕನ್ನಡದ ಓದುಗರಿಗೆ ಇದು ದೂರದ ವಿಷಯವಲ್ಲ. ದೇಶದ ಬಿಸಿ ಶುಷ್ಕ ವಲಯದ ಒಂದು ಸಣ್ಣ ತುಣುಕು ನಮ್ಮ ಬಳ್ಳಾರಿ ಸೀಮೆಯಲ್ಲೂ ಇದೆ. ಇಸ್ರೊ ಸಿದ್ಧಪಡಿಸಿದ ಭೂಪಟಗಳಲ್ಲಿ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಹದಗೆಟ್ಟಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿನ ಅಮೃತಮಹಲ್ ಕಾವಲುಗಳೆಂಬ ಮೇವಿನ ಬಯಲುಗಳು ಮೈಸೂರು ಅರಸರ ಕಾಲದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರು ಪಡೆದ ಇಲಾಖೆ ಸೈನ್ಯಕ್ಕೆ ಬೇಕಾದ ಎತ್ತುಗಳನ್ನು ಸಾಕುತ್ತಿತ್ತು. ಆ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರೆ ಬೇರೆ ಇಟ್ಟಿದ್ದರು. ಕಾಲಕ್ಕೆ ತಕ್ಕಂತೆ ಹಿಂಡು ಸಾಗುತ್ತಿತ್ತು. ಇದಕ್ಕಿಂತ ಜಾಣತನದ ಒಣನೆಲದ ಲೆಕ್ಕ ನಾನು ಓದಿಲ್ಲ.

2007ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಚಳ್ಳಕೆರೆಯ ಸುಮಾರು 10,000 ಎಕರೆ ಕಾವಲನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಆ ಸಂಸ್ಥೆಗಳ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುತ್ತಲಿನ ಹಳ್ಳಿಗಳ ಕುರಿ, ಆ ಕುರಿಯ ಉಣ್ಣೆಯಿಂದ ನೇಯುವ ಕಂಬಳಿ, ಬಯಲಿನ ಕೃಷ್ಣಮೃಗ, ಆ ಹುಲ್ಲನ್ನೇ ನಂಬಿದ ಹಕ್ಕಿಗಳು ಇವುಗಳ ಲೆಕ್ಕವನ್ನು ಹಂಚುವ ಮುನ್ನ ಕೇಳಬೇಕಿತ್ತು. ಜನ ಗೋಡೆ ಎದ್ದ ಮೇಲೆ ಬೀದಿಗಿಳಿಯಬೇಕಾಯಿತು, ಹಸಿರು ನ್ಯಾಯಮಂಡಳಿಗೆ ಹೋಗಬೇಕಾಯಿತು. ನನಗೆ ಇದು ಇಂದಿಗೂ ನೋವಿನ ವಿಷಯ.

ಬನ್ನಿಯಲ್ಲಿ ಮಾಲ್ಧಾರಿಗಳು ಸುಮ್ಮನೆ ಕೂರಲಿಲ್ಲ. 2008ರಲ್ಲಿ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಎಮ್ಮೆಗೆ ತಳಿಯ ಮಾನ್ಯತೆ ದೊರಕಿದ್ದರ ಹಿಂದೆ ಅವರ ಓಡಾಟವಿದೆ. ಡೇರಿಗಳು ಹಳ್ಳಿಗೆ ಬಂದ ಮೇಲೆ, ಹಿಂದೆ ಖೋವಾ ಮಾಡಿ ಅಗ್ಗಕ್ಕೆ ಮಾರುತ್ತಿದ್ದ ಹಾಲಿಗೆ ಬೆಲೆ ಬಂತು. ಬಯಲಿನಲ್ಲಿ ಬೇಲಿ ಹಾಕಿ ಉಳುವವರು ಹೆಚ್ಚಿದಾಗ ಅವರೇ ಹಸಿರು ನ್ಯಾಯಮಂಡಳಿಯ ಬಾಗಿಲು ಬಡಿದರು. ಆರು ತಿಂಗಳಲ್ಲಿ ಒತ್ತುವರಿ ತೆರವು ಮಾಡಬೇಕೆಂದು 2021ರಲ್ಲಿ ಆದೇಶವಾಯಿತು. ಸಂಶೋಧಕರು ಹೋಡ್ಕೊ ಎಂಬ ಊರಿನಲ್ಲಿ ಕೇಂದ್ರ ಮಾಡಿಕೊಂಡು, ಬೆಂಗಳೂರಿನ ವಿಜ್ಞಾನಿಗಳೂ ಸೇರಿ, ಯಾವ ಜಾಗದಲ್ಲಿ ಜಾಲಿ ತೆಗೆದರೆ ಯಾವ ಹುಲ್ಲು ಬರುತ್ತದೆ ಎಂದು ಮಾಲ್ಧಾರಿಗಳ ಜೊತೆ ನಿಂತು ನೋಡುತ್ತಿದ್ದಾರೆ. ಒಂದು ವರ್ಷದ ಯೋಜನೆಯಾಗಿ ಅಲ್ಲ, ಹಲವು ಮಳೆಗಾಲಗಳ ಉದ್ದಕ್ಕೂ. ನನ್ನ ಮಟ್ಟಿಗೆ ಮೌಲ್ಯಮಾಪನ ಎಂಬ ಹೆಸರಿಗೆ ತಕ್ಕ ಕೆಲಸ ಇದು. ಎಣಿಕೆಯ ಪುಸ್ತಕಗಳೂ ನಿಧಾನವಾಗಿ ಬದಲಾಗುತ್ತಿವೆ. 2024ರಲ್ಲಿ ಶುರುವಾದ 21ನೇ ಜಾನುವಾರು ಗಣತಿಯಲ್ಲಿ ಅಲೆಮಾರಿ ಪಶುಪಾಲಕರ ಪ್ರಾಣಿಗಳನ್ನು ಮೊದಲ ಬಾರಿಗೆ ಬೇರೆಯಾಗಿ ಲೆಕ್ಕ ಹಾಕಲಾಯಿತು. 2026ನ್ನು ವಿಶ್ವಸಂಸ್ಥೆ ಮೇವಿನ ಬಯಲುಗಳ ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ.

ಈಗ ಬನ್ನಿಯಲ್ಲಿ ಜಾಲಿ ಕೀಳುವ ಕೆಲಸ ನಡೆಯುತ್ತಿದೆ. ಬರೀ ಕಡಿದರೆ ಬುಡದಿಂದ ನಾಲ್ಕು ಕವಲು ಚಿಗುರುತ್ತದೆ, ಬೇರುಸಹಿತ ತೆಗೆಯಬೇಕು. ತೆಗೆದ ಜಾಗಕ್ಕೆ ಹುಲ್ಲು ಮರಳಲು ಒಳ್ಳೆಯ ಮಳೆ ಬೇಕು, ಸ್ವಲ್ಪ ಕಾಲ ಮೇಯಿಸದೆ ಬಿಡಬೇಕು. ಅಷ್ಟು ಕಾಲ ಆ ಜಾಗದ ಎಮ್ಮೆಗಳು ಎಲ್ಲಿ ಮೇಯಬೇಕು, ಇದ್ದಿಲು ಸುಡುತ್ತಿದ್ದ ಮನೆಗೆ ಕೂಲಿ ಎಲ್ಲಿಂದ, ಹುಲ್ಲು ಬಂದ ಮೇಲೆ ಆ ಬಯಲಿಗೆ ಬೇಲಿ ಬೀಳದಂತೆ ಕಾಯುವವರು ಯಾರು? 1955ರಿಂದ ಕಾನೂನಿನ ಕಣ್ಣಿಗೆ ಬನ್ನಿ ಸಂರಕ್ಷಿತ ಅರಣ್ಯ. ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸಮುದಾಯದ ಹಕ್ಕು ಕೇಳಿ ಅಲ್ಲಿನ ಹಳ್ಳಿಗಳು ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿವೆ. ಇಷ್ಟು ಹೆಕ್ಟೇರ್ ಜಾಲಿ ತೆಗೆದೆವು ಎಂಬ ಅಂಕಿಯ ಪಕ್ಕದಲ್ಲಿ ಇಷ್ಟು ಹಳ್ಳಿಗಳಿಗೆ ಹಕ್ಕುಪತ್ರ ಕೊಟ್ಟೆವು ಎಂಬ ಅಂಕಿಯನ್ನೂ ಇಲಾಖೆ ಪ್ರತಿ ವರ್ಷ ಅಚ್ಚು ಹಾಕಬೇಕು.